ಸೈಲೆನ್ಸರ್ ವಿಷಯದಲ್ಲಿ ಪೊಲೀಸರು ಹಿಡಿಯುವ ಮೊದಲು ನೋಡಿಕೊಳ್ಳಬೇಕಾದದ್ದು

ತುಮಕೂರಿನ ಶಿರಾ ಗೇಟ್ ಕಡೆ ನನ್ನದೊಂದು ಬೈಕ್ ಗ್ಯಾರೇಜ್ ಇದೆ. "ಅಣ್ಣಾ, ಸೈಲೆನ್ಸರ್ ಕೊರೆದು ಕೊಡಿ, ಸೌಂಡ್ ಬರಬೇಕು" ಅಂತ ಬರುವ ಹುಡುಗರಿಗೆ ನಾನು ಹೇಳುವುದು ಒಂದೇ ಮಾತು. ಕಂಪನಿ ಸೈಲೆನ್ಸರ್ ಬಿಚ್ಚಬೇಡಿ. ಬಿಚ್ಚಿ ಆಗಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಕೊರೆಯುವ ಕೆಲಸ ನಾನು ಮಾಡುವುದಿಲ್ಲ.

ಅಂಗಡಿಯವರು ಏನು ಹೇಳಿ ಮಾರುತ್ತಾರೆ ಗೊತ್ತಲ್ವಾ? "ಬಿಲ್ ಇದೆ, ಒಳಗೆ ಡಿಬಿ ಕಿಲ್ಲರ್ ಇದೆ, ಯಾರೂ ಹಿಡಿಯಲ್ಲ." ಬಿಲ್ ಇದ್ದರೆ ನೀವು ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ. ರಸ್ತೆಗೆ ಇಳಿಸಲು ಅನುಮತಿ ಅಲ್ಲ. ಡಿಬಿ ಕಿಲ್ಲರ್ ಅಂದರೆ ಶಬ್ದ ತಗ್ಗಿಸಲು ಹೊಗೆ ಬರುವ ಬಾಯಿಗೆ ಒಂದೇ ಸ್ಕ್ರೂನಲ್ಲಿ ಕೂರಿಸಿದ ಸಣ್ಣ ಕೊಳವೆ. ಅಂಗಡಿ ದಾಟಿದ ಕೂಡಲೇ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವವರೇ ಜಾಸ್ತಿ.

ಕಾನೂನಿನಲ್ಲಿ ಶಬ್ದಕ್ಕೆ ಲೆಕ್ಕ ಇದೆ. ಈಗ ರಸ್ತೆಯಲ್ಲಿರುವ ಹೆಚ್ಚಿನ ಬೈಕುಗಳು ಪರೀಕ್ಷೆ ಪಾಸಾಗಿರುವುದು ಈ ಮಿತಿಯಲ್ಲಿ: 80 ಸಿಸಿವರೆಗೆ 75 ಡೆಸಿಬಲ್, ಅಲ್ಲಿಂದ 175 ಸಿಸಿವರೆಗೆ 77, ಅದಕ್ಕಿಂತ ದೊಡ್ಡ ಎಂಜಿನ್‌ಗೆ 80. ಬುಲೆಟ್ ಬರುವುದು ಈ ಕೊನೆಯ ಗುಂಪಿನಲ್ಲಿ. ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು, ಗಾಡಿ ಓಡುವಾಗ ಅಳೆದ ಲೆಕ್ಕ ಇದು. ಹಾಗಾಗಿ ಮೊಬೈಲ್ ಆಪ್ ಅನ್ನು ಸೈಲೆನ್ಸರ್ ಪಕ್ಕ ಹಿಡಿದು ಪೊಲೀಸರ ಹತ್ತಿರ ವಾದ ಮಾಡಬೇಡಿ, ಅದು ನಿಲ್ಲುವುದಿಲ್ಲ. ಇನ್ನೊಂದು ವಿಷಯ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. 80ಕ್ಕೂ 90ಕ್ಕೂ ಏನು ಮಹಾ ವ್ಯತ್ಯಾಸ ಅನ್ನುವವರು ಇದನ್ನು ತಿಳಿದುಕೊಳ್ಳಬೇಕು.

"ನನ್ನ ಹತ್ತಿರ ಎಮಿಷನ್ ಸರ್ಟಿಫಿಕೇಟ್ ಇದೆ" ಅನ್ನುವವರೂ ಇದ್ದಾರೆ. ಅಲ್ಲಿ ನೋಡುವುದು ಹೊಗೆಯನ್ನು, ಶಬ್ದವನ್ನಲ್ಲ.

ಚಲನ್ ಕೈಗೆ ಬಂದರೆ ಮೊದಲು ಸೆಕ್ಷನ್ ಓದಿ. ಸೈಲೆನ್ಸರ್‌ಗೆ ಸಾಮಾನ್ಯವಾಗಿ ಬರುವುದು ಮೂರು. ಮೋಟಾರು ವಾಹನ ಕಾಯ್ದೆಯ 190(2) ಶಬ್ದ ಮತ್ತು ಹೊಗೆಯ ಮಿತಿ ಮೀರಿದ್ದಕ್ಕೆ. 2019ರ ತಿದ್ದುಪಡಿ ಆದ ಮೇಲೆ ಇದಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹ. ಹುಡುಗರು ದಂಡದ ಮೊತ್ತ ಮಾತ್ರ ಕೇಳುತ್ತಾರೆ, ಡಿಎಲ್ ಹೋಗುವ ವಿಷಯ ಯಾರೂ ಕೇಳುವುದಿಲ್ಲ. ಡೆಲಿವರಿ ಕೆಲಸ ಮಾಡುವವನಿಗೆ ಮೂರು ತಿಂಗಳು ಅಂದರೆ ಮನೆ ಖರ್ಚಿನ ಪ್ರಶ್ನೆ. ಎರಡನೆಯದು 182ಎ(4), ಗಾಡಿಯನ್ನು ಅನುಮತಿ ಇಲ್ಲದೆ ಬದಲಾಯಿಸಿದ್ದಕ್ಕೆ. ಪ್ರತಿ ಬದಲಾವಣೆಗೂ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಗಾಡಿ ಮಾಲೀಕರ ಮೇಲೆ ಬೀಳುತ್ತದೆ. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ಮೇಲೆ. ಮೂರನೆಯದು 194ಎಫ್, ಹೊಗೆಯನ್ನು ಸೈಲೆನ್ಸರ್ ತಪ್ಪಿಸಿ ಹೊರಗೆ ಬಿಡುವ ಕಟ್-ಔಟ್‌ಗೆ. ಮೊದಲ ಸಲ 1,000, ಮತ್ತೆ ಸಿಕ್ಕರೆ 2,000. ಸುಮ್ನೆ ಹಾರ್ನ್ ಒತ್ತುತ್ತಾ ಹೋಗುವವರಿಗೂ ಇದೇ ಸೆಕ್ಷನ್. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಆದ್ದರಿಂದ ಚಲನ್‌ನಲ್ಲಿ ಮೊತ್ತ ಬೇರೆ ಇರಬಹುದು.

ಬದಲಾಯಿಸಿದ ಸೈಲೆನ್ಸರ್ ಕಣ್ಣಿಗೇ ಕಾಣುತ್ತದೆ. ಗಿಡ್ಡ ಡಬ್ಬಿ, ಕಂಪನಿ ಗುರುತು ಇಲ್ಲದ ಮೈ, ಹೊಸ ಕ್ಲಾಂಪ್, ಬಾಯಿಯಲ್ಲಿ ನೋಡಿದರೆ ಒಳಗೆ ಖಾಲಿ. ಪೊಲೀಸರು ಒಂದು ಸಲ ಆಕ್ಸಿಲರೇಟರ್ ಕೊಡಿಸಿ ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ. ಬಿಚ್ಚಿಸಿದ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ರಾಜ್ಯದ ಹಲವು ಊರುಗಳ ಸುದ್ದಿಯಲ್ಲಿ ನೀವೂ ನೋಡಿರುತ್ತೀರಿ. ಆ ಹೊತ್ತಿಗೆ ಬೇಕಾಗುವುದೇ ಹಳೆಯ ಕಂಪನಿ ಸೈಲೆನ್ಸರ್. ಮನೆಯ ಅಟ್ಟದ ಮೇಲೆ ಇದ್ದರೆ ಅರ್ಧ ಗಂಟೆ ಕೆಲಸ. ಇಲ್ಲದಿದ್ದರೆ ಹೊಸದನ್ನು ಆರ್ಡರ್ ಹಾಕಿ ಕಾಯಬೇಕು. ತಡೆದಾಗ ಗಾಡಿ ಆಫ್ ಮಾಡಿ, ಡಿಜಿಲಾಕರ್‌ನಲ್ಲಿ ಆರ್‌ಸಿ, ಡಿಎಲ್ ತೋರಿಸಿ. ದುಡ್ಡು ಕಟ್ಟಿದರೆ ರಸೀದಿ ಇಲ್ಲದೆ ಜಾಗ ಬಿಡಬೇಡಿ. ಒಪ್ಪಿಗೆ ಇಲ್ಲದಿದ್ದರೆ ಅಲ್ಲಿ ಕೂಗಾಡಬೇಡಿ, ಕೋರ್ಟಿನಲ್ಲಿ ಹೇಳಿಕೊಳ್ಳಲು ಅವಕಾಶ ಇದೆ.

ಏನೂ ಬದಲಾಯಿಸದ ಗಾಡಿಯೂ ಕೂಗುತ್ತದೆ. ಮಂಡಿಪೇಟೆಗೆ ಸಾಮಾನು ಹೊರುವ ಹಳೆಯ ಗಾಡಿಗಳಲ್ಲಿ ಇದು ನನಗೆ ದಿನಾ ಸಿಗುವ ಕೆಲಸ. ಹತ್ತಿರ ಹತ್ತಿರ ಓಡಿಸಿ ನಿಲ್ಲಿಸಿದರೆ ಸೈಲೆನ್ಸರ್ ಪೂರ್ತಿ ಬಿಸಿ ಆಗುವುದಿಲ್ಲ. ಒಳಗೆ ಸೇರಿದ ನೀರು ಆರುವುದಿಲ್ಲ, ತಳಭಾಗ ತುಕ್ಕು ಹಿಡಿದು ತೂತಾಗುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬೆಂಡ್ ಪೈಪ್ ಎಂಜಿನ್‌ಗೆ ಸೇರುವ ಜಾಗ, ಸೈಲೆನ್ಸರ್ ಜಾಯಿಂಟ್, ತಳದ ವೆಲ್ಡಿಂಗ್ ಗೆರೆ, ಮೂರಕ್ಕೂ ಸೋಪಿನ ನೀರು ಹಚ್ಚಿ. ಸ್ಟಾರ್ಟ್ ಮಾಡಿ ಕೂಡಲೇ ನೋಡಿ. ಗುಳ್ಳೆ ಬಂದ ಕಡೆ ಲೀಕ್ ಇದೆ. ಜಾಯಿಂಟ್ ಸುತ್ತ ಮಸಿ ಕಟ್ಟಿದ್ದರೂ ಅದೇ ಅರ್ಥ. ಜಾಯಿಂಟ್ ಆದರೆ ಗ್ಯಾಸ್ಕೆಟ್ ಬದಲಾಯಿಸಿದರೆ ಸಾಕು. ಸಣ್ಣ ತೂತಿಗೆ ವೆಲ್ಡಿಂಗ್ ನಡೆಯುತ್ತದೆ. ತಳ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವ ಹಾಗಿದ್ದರೆ ತೇಪೆ ಹಾಕಿಸಬೇಡಿ, ದುಡ್ಡು ದಂಡ. ಬಿಎಸ್6, ಅಂದರೆ ಈಗಿನ ಹೊಗೆ ನಿಯಮದ ಗಾಡಿಯಾದರೆ ಪೈಪಿನಲ್ಲಿ ಸೆನ್ಸರ್ ಇರುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟ್‌ಕಾನ್ ಇರುತ್ತದೆ. ಕಂಡಕಂಡಲ್ಲಿ ಕತ್ತರಿಸಿ ಬೆಸುಗೆ ಹಾಕಿಸಬೇಡಿ.

ಇನ್ನು ಬೇರೆಯವರ ಗಾಡಿಯಿಂದ ನಿದ್ದೆ ಕೆಟ್ಟವರಿಗೆ. ಬಿ.ಎಚ್. ರಸ್ತೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಎಸ್.ಎಸ್. ಪುರಂ ಕಡೆ ಮನೆಗಳೂ ಕಾಲೇಜೂ ಒಟ್ಟಿಗೇ ಇವೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಮಾಡಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಲ್ಲಾ ಕಡೆ ಮಿತಿ ಇನ್ನೂ ಕಡಿಮೆ. ಆಪರೇಷನ್ ಆಗಿ ಮಲಗಿದವರ ಕಿಟಕಿ ಕೆಳಗೆ ಎಂಜಿನ್ ರೇಸ್ ಮಾಡುವುದನ್ನು ನಾನು ಯಾವತ್ತೂ ಸಣ್ಣ ತಪ್ಪು ಅನ್ನುವುದಿಲ್ಲ.

ಆಗುತ್ತಿರುವಾಗಲೇ ಆದರೆ 112ಕ್ಕೆ ಕರೆ ಮಾಡಿ, ರಸ್ತೆ ಮತ್ತು ಗಾಡಿ ಹೋದ ದಿಕ್ಕು ಹೇಳಿ. ದಿನಾ ಆಗುತ್ತಿದ್ದರೆ ಸಂಚಾರ ಠಾಣೆಗೆ ಬರೆದು ಕೊಡಿ. "ತುಂಬಾ ಸೌಂಡು ಸರ್" ಅಂದರೆ ಅವರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ಕೆಎ 06ರಿಂದ ಶುರುವಾಗುವ ಪೂರ್ತಿ ನಂಬರ್, ಬಣ್ಣ, ಯಾವ ರಸ್ತೆ, ಎಷ್ಟು ಗಂಟೆಗೆ ಬರುತ್ತದೆ, ಇಷ್ಟು ಬರೆಯಿರಿ. ನಂಬರ್ ಪ್ಲೇಟ್ ಕಾಣುವ, ಶಬ್ದ ಕೇಳುವ ಸಣ್ಣ ವಿಡಿಯೋ ಇದ್ದರೆ ಜೊತೆಗೆ ಕೊಡಿ. ಅಟ್ಟಿಸಿಕೊಂಡು ಹೋಗಿ ತೆಗೆಯಬೇಡಿ, ಗೇಟಿನಲ್ಲಿ ನಿಂತು ತೆಗೆದದ್ದು ಸಾಕು. ಓಡಿಸುವವನಿಗೆ ಹದಿನೆಂಟು ತುಂಬಿಲ್ಲ ಅನಿಸಿದರೆ ಅದನ್ನೂ ಬರೆಯಿರಿ. ಅದು 199ಎ, ದಂಡ 25,000, ಹೊಣೆ ಪೋಷಕರದ್ದು ಅಥವಾ ಮಾಲೀಕರದ್ದು. ಬೀದಿಯ ನಾಲ್ಕೈದು ಮನೆಯವರು ಸಹಿ ಹಾಕಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದುಕೊಳ್ಳಿ. ಮುಂದಿನ ಸಲ ಹೋದಾಗ ಆ ಕಾಗದವನ್ನೇ ತೋರಿಸಿ ಕೇಳಬಹುದು.