ಆಂಡ್ರಾಯ್ಡ್‌ನಲ್ಲಿ ಮರೆಯಾದ ಮೇಲೂ ತಿರುಗುವ ಪ್ರೋಗ್ರೆಸ್ ಚಕ್ರವನ್ನು ನಿಲ್ಲಿಸುವ ಬಗೆ

ಆಂಡ್ರಾಯ್ಡ್ ಆ್ಯಪ್‌ಗೆಂದು ನಾವೇ ಬರೆದುಕೊಂಡ ಪ್ರೋಗ್ರೆಸ್ ಚಕ್ರವು ಪರದೆಯಿಂದ ಮರೆಯಾದ ಮೇಲೂ ಒಳಗೊಳಗೇ ಓಡುತ್ತಿರುವುದುಂಟು. ಕೊನೆಯಿಲ್ಲದೆ ಪುನರಾವರ್ತನೆಯಾಗುವ ವ್ಯಾಲ್ಯೂಆ್ಯನಿಮೇಟರ್ (ಚಲನೆಗಾಗಿ ಅಂಕಿಯೊಂದನ್ನು ಬದಲಿಸುತ್ತ ಹೋಗುವ ಸಾಧನ) ಒಂದಕ್ಕೆ, ಪ್ರತಿ ಫ್ರೇಮ್‌ನಲ್ಲೂ ಕೋನವನ್ನು ಬದಲಿಸುವ ಲಿಸನರ್ (ಆ್ಯನಿಮೇಟರ್ ಕರೆಯುವ ಕೋಡ್ ತುಣುಕು) ಅನ್ನು ನಾವು ಜೋಡಿಸಿರುತ್ತೇವೆ. ಓಡುತ್ತಿರುವ ಆ್ಯನಿಮೇಟರ್‌ಗಳ ಪಟ್ಟಿ ಮುಖ್ಯ ಥ್ರೆಡ್‌ನ ಆ್ಯನಿಮೇಶನ್‌ಹ್ಯಾಂಡ್ಲರ್ ಬಳಿ ಇರುವುದರಿಂದ, ಅದು ಆ್ಯನಿಮೇಟರನ್ನೂ, ಆ್ಯನಿಮೇಟರ್ ಲಿಸನರನ್ನೂ, ಲಿಸನರ್ ವ್ಯೂವನ್ನೂ (ಪರದೆಯ ಮೇಲಿನ ಘಟಕ, ಇಲ್ಲಿ ಚಕ್ರ) ಹಿಡಿದುಕೊಂಡು, ಕೊನೆಗೆ ಮುಚ್ಚಿಹೋದ ಆ್ಯಕ್ಟಿವಿಟಿಯೇ (ಆ್ಯಪ್‌ನ ಒಂದು ಪುಟ) ಮೆಮೊರಿಯಲ್ಲಿ ಉಳಿದುಬಿಡುತ್ತದೆ; ಇದೇ ಮೆಮೊರಿ ಸೋರಿಕೆ. ವ್ಯೂವನ್ನು ಗಾನ್ (ಮರೆಮಾಡಿದ) ಸ್ಥಿತಿಗೆ ತಂದರೆ ಚಿತ್ರ ಬಿಡಿಸುವುದು ಮಾತ್ರ ನಿಲ್ಲುತ್ತದೆ; 60 ಹರ್ಟ್ಸ್ ಪರದೆಯಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಲಿಸನರ್ ಎಚ್ಚರಗೊಳ್ಳುತ್ತಲೇ ಇರುತ್ತದೆ.

ದೋಷವನ್ನು ಖಚಿತಪಡಿಸಿಕೊಳ್ಳುವ ಮೊದಲು ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಆ್ಯನಿಮೇಟರ್ ಅವಧಿಯ ಪ್ರಮಾಣ ಸೊನ್ನೆಯಾಗಿಲ್ಲವೆಂದು ನೋಡಿಕೊಳ್ಳಬೇಕು. ಎಸ್‌ಪ್ರೆಸೊ ಎಂಬ ಸಾಧನದ ಸ್ವಯಂಚಾಲಿತ ಪರೀಕ್ಷೆಗಳಿಗಾಗಿ ಅದನ್ನು ಸೊನ್ನೆಗಿಳಿಸಿಟ್ಟ ಫೋನಿನಲ್ಲಿ ಆ್ಯನಿಮೇಟರ್ ಶುರುವಾದ ಕೂಡಲೇ ಮುಗಿದುಹೋಗುವುದರಿಂದ ಸೋರಿಕೆ ಕಾಣಿಸುವುದೇ ಇಲ್ಲ. ಪರೀಕ್ಷೆಯಲ್ಲಿ ಪಾಸಾದ ಆ್ಯಪ್ ಬಳಕೆದಾರರ ಕೈಯಲ್ಲಿ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ. ಬಳಿಕ ಚಕ್ರ ಕಾಣುತ್ತಿರುವಾಗಲೇ ಆ್ಯಕ್ಟಿವಿಟಿ ಹೊಸದಾಗಿ ಹುಟ್ಟುವಂತೆ ಫೋನನ್ನು ಕೆಲವು ಬಾರಿ ಅಡ್ಡ-ಉದ್ದ ತಿರುಗಿಸಿ, ಪ್ರೊಫೈಲರ್‌ನಿಂದ ಗಾರ್ಬೇಜ್ ಕಲೆಕ್ಷನ್ (ಬಳಕೆಯಲ್ಲಿಲ್ಲದ ಮೆಮೊರಿಯ ತೆರವು) ನಡೆಸಿ, ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಸಾಧನದ ಡಂಪ್‌ಸಿಸ್ ಮೆಮ್‌ಇನ್ಫೋ ಆದೇಶ ಕೊಟ್ಟರೆ, ಅದು ತೋರಿಸುವ ಆ್ಯಕ್ಟಿವಿಟಿಗಳ ಸಂಖ್ಯೆ ಏರುತ್ತಿದೆಯೇ ಎಂಬುದು ತಿಳಿಯುತ್ತದೆ. ಯಾರು ಯಾರನ್ನು ಹಿಡಿದಿದ್ದಾರೆಂಬ ಪೂರ್ತಿ ಸರಪಳಿ ಬೇಕಿದ್ದರೆ ಡೀಬಗ್ ಬಿಲ್ಡ್‌ಗೆ ಸೋರಿಕೆ ಹುಡುಕುವ ಲೀಕ್‌ಕ್ಯಾನರಿ ಲೈಬ್ರರಿಯನ್ನು ಸೇರಿಸಬೇಕು.

ಪರಿಹಾರವು ವ್ಯೂವಿನೊಳಗೇ ಇರುವುದು ಒಳ್ಳೆಯದು. ಆ್ಯನಿಮೇಟರನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ವ್ಯೂ ಹುಟ್ಟುವಾಗಲೇ ಓಡುವ ಕೋಡ್‌ನಲ್ಲಿ) ಶುರುಮಾಡದೆ, ವ್ಯೂ ಪರದೆಗೆ ಸೇರಿದಾಗ (ಅಟ್ಯಾಚ್) ಕರೆಯಲ್ಪಡುವ ಆನ್‌ಅಟ್ಯಾಚ್ಡ್‌ಟುವಿಂಡೋ ಮೆಥಡ್‌ನಲ್ಲಿ ಶುರುಮಾಡಿ, ಅದು ಪರದೆಯಿಂದ ಬೇರ್ಪಟ್ಟಾಗ (ಡಿಟ್ಯಾಚ್) ಕರೆಯಲ್ಪಡುವ ಆನ್‌ಡಿಟ್ಯಾಚ್ಡ್‌ಫ್ರಮ್‌ವಿಂಡೋದಲ್ಲಿ ಕ್ಯಾನ್ಸಲ್ ಮಾಡಬೇಕು. ಉದ್ದದ ಪಟ್ಟಿಗಳನ್ನು ತೋರಿಸುವ ರಿಸೈಕ್ಲರ್‌ವ್ಯೂ ಒಳಗೆ ವ್ಯೂಗಳು ಪದೇ ಪದೇ ಬಂದುಹೋಗುವಾಗಲೂ ಈ ಜೋಡಿ ಸರಿಯಾಗಿ ಕೆಲಸ ಮಾಡುತ್ತದೆ. ಚಕ್ರವನ್ನಾಗಲಿ ಅದನ್ನು ಒಳಗೊಂಡ ಪೇರೆಂಟ್ ವ್ಯೂವನ್ನಾಗಲಿ ಮರೆಮಾಡಿದಾಗಲೂ ನಿಲ್ಲಬೇಕಾದರೆ, ಆಂಡ್ರಾಯ್ಡ್ 7.0ರಿಂದ ದೊರೆಯುವ ಆನ್‌ವಿಸಿಬಿಲಿಟಿಅಗ್ರಿಗೇಟೆಡ್ ಮೆಥಡ್‌ನಲ್ಲೂ ಇದೇ ಕ್ರಮವನ್ನು ಅನುಸರಿಸಬಹುದು.

ಇಲ್ಲೊಂದು ತೊಡಕಿದೆ. ಒಂದು ಸುತ್ತು ಮುಗಿದಾಗ ಆನ್‌ಆ್ಯನಿಮೇಶನ್‌ಎಂಡ್‌ನಲ್ಲಿ ಮತ್ತೆ ಸ್ಟಾರ್ಟ್ ಕರೆಯುವ ರೂಢಿ ಹಲವರಿಗಿದೆ. ಕ್ಯಾನ್ಸಲ್ ಮಾಡಿದಾಗಲೂ ಅದೇ ಮೆಥಡ್ ಕರೆಯಲ್ಪಡುವುದರಿಂದ, ನಿಲ್ಲಿಸಲೆಂದು ಬರೆದ ಸಾಲೇ ಚಕ್ರವನ್ನು ಮರಳಿ ಓಡಿಸಿಬಿಡುತ್ತದೆ. ಹಾಗಾಗಿ ಮೊದಲು ರಿಮೂವ್‌ಆಲ್‌ಲಿಸನರ್ಸ್, ಆಮೇಲೆ ಕ್ಯಾನ್ಸಲ್ ಎಂಬ ಕ್ರಮವನ್ನು ಪಾಲಿಸಿ, ಮತ್ತೆ ಅಟ್ಯಾಚ್ ಆದಾಗ ಈ ಎಂಡ್ ಲಿಸನರನ್ನು ಹೊಸದಾಗಿ ಜೋಡಿಸಬೇಕು.

ಚಕ್ರವು ಬೇರೊಬ್ಬರ ಲೈಬ್ರರಿಯಿಂದ ಬಂದಿದ್ದು ಅದರ ಕೋಡನ್ನು ಮುಟ್ಟುವಂತಿಲ್ಲದಿದ್ದರೆ, ಹೊರಗಿನಿಂದಲೇ ಆಡ್‌ಆನ್‌ಅಟ್ಯಾಚ್‌ಸ್ಟೇಟ್‌ಚೇಂಜ್‌ಲಿಸನರ್ ಹಾಕಿ, ಡಿಟ್ಯಾಚ್ ಆಗುವಾಗ ಲೈಬ್ರರಿ ಕೊಟ್ಟಿರುವ ಸ್ಟಾಪ್ ಮೆಥಡನ್ನು ಕರೆಯಬಹುದು. ಅಂಥ ಮೆಥಡೇ ಇಲ್ಲದಿದ್ದರೆ ಆ ಲೈಬ್ರರಿಯ ಅಂದಕ್ಕೆ ಮರುಳಾಗುವುದು ಬೇಡ: ಆಂಡ್ರಾಯ್ಡ್‌ನದೇ ಪ್ರೋಗ್ರೆಸ್‌ಬಾರ್ ಡಿಟ್ಯಾಚ್ ಆದಾಗ ತಾನಾಗಿ ನಿಲ್ಲುತ್ತದೆ, ಅದರ ಬಣ್ಣವನ್ನು ಇನ್‌ಡಿಟರ್ಮಿನೇಟ್‌ಟಿಂಟ್‌ನಿಂದ ಬದಲಿಸಿಕೊಳ್ಳಬಹುದು.