ಕಣ್ಣಿನ ಗಾಯ ಹೂ ಬೀಳದೆ ಮಾಯಲು: ಮಾಸಿನ ಪೊರೆಯ ಚಿಕಿತ್ಸೆಗೆ ಮುನ್ನ ಮತ್ತು ನಂತರ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಹೊಲಕ್ಕೆ ಇಳಿದವರ ಕಣ್ಣಿಗೆ ಎಲೆಯ ಅಂಚು ಗೀರುವುದೂ, ಎಲೆ–ಅಡಿಕೆ ಹಾಕುವ ಮನೆಯಲ್ಲಿ ಸುಣ್ಣದ ಪೊಟ್ಟಣ ಒಡೆದು ಮಗುವಿನ ಕಣ್ಣಿಗೆ ಸಿಡಿಯುವುದೂ ಅಪರೂಪವಲ್ಲ. ಇಂಥ ಗಾಯ ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಯನ್ನೇ ನಮ್ಮವರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ. ಅದು ಬೀಳದಂತೆ ಏನು ಮಾಡಬೇಕು, ಹೆರಿಗೆಯ ನಂತರ ಹೊರಬರುವ ಮಾಸಿನ ಪೊರೆ ಅದಕ್ಕೆ ಹೇಗೆ ನೆರವಾಗುತ್ತದೆ ಎಂಬುದು ಇಲ್ಲಿದೆ.

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದಲ್ಲಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ, ರಕ್ತನಾಳಗಳಿಲ್ಲದ ಪಾರದರ್ಶಕ ಪಟಲ. ಅದರ ಮೇಲ್ಪದರವಷ್ಟೇ ತರಚಿದ್ದರೆ ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ. ಗಾಯ ಒಳಪದರವನ್ನು ಮುಟ್ಟಿದರೆ, ಅಥವಾ ಮೇಲ್ಪದರ ಬಹುದಿನ ಮುಚ್ಚಿಕೊಳ್ಳದೆ ಉಳಿದರೆ, ಅಲ್ಲಿನ ಕೋಶಗಳು ಸ್ವಭಾವ ಬದಲಿಸಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಅಡ್ಡಾದಿಡ್ಡಿಯಾಗಿ ಹೆಣೆಯುತ್ತವೆ. ಬೆಳಕು ಅಲ್ಲಿ ಚದುರಿ ಕಲೆ ಬೆಳ್ಳಗೆ ಕಾಣುತ್ತದೆ. ಆದ್ದರಿಂದ ಗಾಯವನ್ನು ಬೇಗ ಮುಚ್ಚುವುದು, ಉರಿಯೂತವನ್ನು ತಗ್ಗಿಸುವುದು, ಇವೆರಡೇ ಇಲ್ಲಿನ ಉಪಾಯ.

ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಸುಣ್ಣ ಕ್ಷಾರವಾದ್ದರಿಂದ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಅದು ಬಿದ್ದ ಕ್ಷಣವೇ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 30 ನಿಮಿಷ ಹರಿಸಿ, ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಕಣ್ಣಿಗೆ ಏನಾದರೂ ಚುಚ್ಚಿಕೊಂಡಿದ್ದರೆ ಮಾತ್ರ ತೊಳೆಯಲೂಬಾರದು, ಕೀಳಲೂಬಾರದು. ಒತ್ತಡ ಬೀಳದಂತೆ ಕಾಗದದ ಲೋಟವೊಂದನ್ನು ಮೇಲಿಟ್ಟು ಅಂಟಿಸಿ ಕರೆದೊಯ್ಯಬೇಕು. ಎಲೆ ಗೀರಿದ ಗಾಯದಲ್ಲಿ ಶಿಲೀಂಧ್ರದ ಸೋಂಕು ಹತ್ತುವ ಭಯವಿದೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡುವುದು ಕೆಡುಕೇ. ಅದಕ್ಕಿಂತ ದೊಡ್ಡ ಕೆಡುಕೆಂದರೆ, ನನ್ನ ದೃಷ್ಟಿಯಲ್ಲಿ, ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಹನಿ. ಅದರಿಂದ ಕೆಂಪು ಇಳಿದು ವಾಸಿಯಾದಂತೆ ತೋರುವ ಹೊತ್ತಿನಲ್ಲೇ ಶಿಲೀಂಧ್ರ ಒಳಗೆ ಹಬ್ಬುತ್ತಿರುತ್ತದೆ.

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ವೈದ್ಯಕೀಯ ಕಾಲೇಜುಗಳಿರುವುದರಿಂದ ನೇತ್ರತಜ್ಞರು ದೂರವಿಲ್ಲ. ಅವರು ಗಾಯವನ್ನು ಎದ್ದು ಕಾಣಿಸುವ ಫ್ಲೂರೋಸೀನ್ ಬಣ್ಣ ಹಾಕಿ ಗಾಯದ ಅಗಲವನ್ನು ಅಳೆಯುತ್ತಾರೆ. ಸೋಂಕಿನ ಅನುಮಾನವಿದ್ದರೆ ಗಾಯವನ್ನು ಕೆರೆದು ಪರೀಕ್ಷಿಸಿ, ಮೊದಲು ಅದಕ್ಕೆ ಔಷಧಿ ಕೊಡುತ್ತಾರೆ. ಸಣ್ಣ ತರಚಿಗೆ ಹನಿ ಮತ್ತು ಬ್ಯಾಂಡೇಜ್ ಲೆನ್ಸ್ (ಗಾಯದ ಮೇಲೆ ಹೊದಿಸುವ ಮೃದು ಲೆನ್ಸ್) ಸಾಕಾಗಬಹುದು. ಸುಣ್ಣದ ಸುಟ್ಟಗಾಯಕ್ಕೆ ಅಥವಾ ಮುಚ್ಚಿಕೊಳ್ಳಲು ಹಟ ಹಿಡಿದ ಹುಣ್ಣಿಗೆ ಆಮ್ನಿಯಾಟಿಕ್ ಪೊರೆ, ಅಂದರೆ ಮಾಸಿನ ಒಳಪದರ, ಹಾಕಬಹುದೇ ಎಂದು ಕೇಳಿ. ಹಿರಿಯರು ಹಿತ್ತಿಲಲ್ಲಿ ಹೂಳುತ್ತಿದ್ದ ಮಾಸೇ ಇದು. 1940ರಲ್ಲೇ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಂದು, ನಡುವೆ ಮರೆಯಾಗಿ, 1995ರ ಸಂಶೋಧನೆಯ ನಂತರ ಮತ್ತೆ ರೂಢಿಗೆ ಬಂತು. ಸಾಮಾನ್ಯವಾಗಿ ಸಿಸೇರಿಯನ್ ಹೆರಿಗೆಯ ತಾಯಂದಿರು ದಾನವಿತ್ತ ಪೊರೆಯನ್ನು, ಅವರ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಇಲ್ಲವೆಂದು ಖಚಿತವಾದ ಮೇಲೆ ಶೀತದಲ್ಲಿ ಕಾಪಿಟ್ಟು ಬಳಸುತ್ತಾರೆ. ಹೊಸ ಕೋಶಗಳು ಹರಿದು ಬರಲು ಅದು ಹಾಸಾಗುತ್ತದೆ. ಕಲೆಗೆ ಕಾರಣವಾಗುವ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಸಂಕೇತವನ್ನೂ ತಗ್ಗಿಸುತ್ತದೆ. ಹಳೆಯ ಕಲೆಯನ್ನು ಮಾತ್ರ ಅದು ಅಳಿಸಲಾರದು; ಅದಕ್ಕೆ ನೇತ್ರದಾನದಿಂದ ಬಂದ ಕಾರ್ನಿಯಾವೇ ಬೇಕಾಗಬಹುದು.

ಪೊರೆಯನ್ನು ಹೊಲಿಗೆಯಿಂದಲೋ ಫೈಬ್ರಿನ್ ಎಂಬ ರಕ್ತದ ಪ್ರೋಟೀನಿನ ಅಂಟಿನಿಂದಲೋ ಕೂರಿಸಿದ ಮೇಲೆ ಕಣ್ಣು ಮಂಜಾಗಿ, ಮಾಸಲು ಬಿಳುಪಾಗಿ ಕಾಣುತ್ತದೆ. ಹೂ ಬಿತ್ತೆಂದು ಮನೆಯವರು ಗಾಬರಿಯಾಗಬೇಕಿಲ್ಲ, ಕೆಲವು ವಾರಗಳಲ್ಲಿ ಪೊರೆ ತಾನೇ ಕರಗುತ್ತದೆ. ಅಲ್ಲಿಯವರೆಗೆ ಕಣ್ಣುಜ್ಜದೆ, ತಲೆಸ್ನಾನದ ನೀರು ತಾಗಿಸದೆ, ಹೊಲದ ದೂಳಿಗೆ ಹೋಗದೆ, ಹೇಳಿದ ಹೊತ್ತಿಗೆ ಹನಿ ಹಾಕಬೇಕು. ನೋವು ಹೆಚ್ಚಿದರೆ, ಕೀವು ಕಂಡರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ವೈದ್ಯರಿಗೆ ತೋರಿಸಬೇಕು.