ಕ್ರೂಸ್ ಹಡಗಿನ ಪ್ರೇಮ-ಪತ್ತೇದಾರಿ ಕಾದಂಬರಿ: ಸಪ್ಪೆಯಾಗದಂತೆ ಬರೆಯುವುದು ಹೇಗೆ?

ಹಸ್ತಪ್ರತಿ ಮುಗಿದ ಮೇಲೆ ಮೊದಲು ಒಂದು ಪರೀಕ್ಷೆ ಮಾಡಿ. ಹಡಗನ್ನು ತೆಗೆದು ಆ ಜಾಗದಲ್ಲಿ ಬೆಟ್ಟದ ಮೇಲಿನ ಒಂದು ರೆಸಾರ್ಟ್ ಇಟ್ಟು ನೋಡಿ. ಆಗಲೂ ಕಥೆ ಕುಂಟದೆ ನಡೆದರೆ ನಿಮ್ಮ ಹಡಗು ಬರೀ ಪರದೆ ಎಂದರ್ಥ. ಓದುಗರ ನಿರಾಸೆ ಶುರುವಾಗುವುದೇ ಅಲ್ಲಿ. ಇನ್ನೊಂದು ದೋಷವೂ ಸಾಮಾನ್ಯ: ಒಂದು ಅಧ್ಯಾಯ ಪ್ರೇಮ, ಮುಂದಿನದು ಕೊಲೆ ಎಂದು ಪಾಳಿ ಹಾಕಿಕೊಂಡು ಸಾಗುವುದು.

ಮಾರ್ಗ ಮೊದಲು ಗೊತ್ತುಮಾಡಿ. ಮೆಡಿಟರೇನಿಯನ್ ಯಾನ ನೋಡಲು ಚಂದ, ಆದರೆ ರಾತ್ರಿ ಕಳೆದರೆ ಬಂದರು, ಬಂದರಿನಲ್ಲಿ ಪೊಲೀಸರು. ಭಯ ಬೆಳೆಯಲು ಸಮಯವೇ ಸಿಗುವುದಿಲ್ಲ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಅಟ್ಲಾಂಟಿಕ್ ದಾಟುವ 7 ರಾತ್ರಿಯ ಯಾನ ಇದಕ್ಕೆ ಹೇಳಿಮಾಡಿಸಿದಂತಿದೆ. ನಡುವೆ ನಿಲ್ದಾಣವಿಲ್ಲ, ನಡುಗಡಲಿಗೆ ದಡದ ಹೆಲಿಕಾಪ್ಟರ್ ತಲುಪುವುದಿಲ್ಲ. ಕೊಲೆಯನ್ನು 2ನೇ ರಾತ್ರಿಗೆ ಇಡಿ. ಹಿಂದಕ್ಕೆ ತಿರುಗುವುದೇ, ಮುಂದೆ ಹೋಗುವುದೇ ಎಂಬ ಪ್ರಶ್ನೆ ಕ್ಯಾಪ್ಟನ್ನನ ತಲೆಯ ಮೇಲೆ ಬೀಳುತ್ತದೆ.

‘ಕಾಲು ಜಾರಿ ಕಡಲಿಗೆ ಬಿದ್ದಳು’ ಎಂದು ಬರೆಯಬೇಡಿ. ಅಮೆರಿಕದ ಬಂದರುಗಳಲ್ಲಿ ಪ್ರಯಾಣಿಕರನ್ನು ಹತ್ತಿಸುವ, ಇಳಿಸುವ ದೊಡ್ಡ ಹಡಗುಗಳಲ್ಲಿ ಡೆಕ್ಕಿನ ಕಂಬಿ ಕನಿಷ್ಠ 42 ಇಂಚು ಎತ್ತರ ಇರಬೇಕೆಂದು 2010ರ ಕಾನೂನು ಹೇಳುತ್ತದೆ. ಅಂದರೆ ಹೆಚ್ಚಿನವರಿಗೆ ಸೊಂಟಕ್ಕಿಂತ ಮೇಲೆ. ಬೀಳಬೇಕಾದರೆ ತಾನೇ ಕಂಬಿ ಏರಿರಬೇಕು, ಇಲ್ಲವೇ ಯಾರೋ ಎತ್ತಿ ಹಾಕಿರಬೇಕು. ಪತ್ತೇದಾರಿಕೆಗೆ ಮೊದಲ ಸುಳಿವು ಇಲ್ಲೇ ಇದೆ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದಲ್ಲಿ ಹಡಗು ಒಂದೇ ನಿಮಿಷಕ್ಕೆ 600 ಮೀಟರ್ ದಾಟಿರುತ್ತದೆ. ನಾಯಕ ಧುಮುಕಿ ಉಳಿಸುವ ದೃಶ್ಯ ಬರೆದಿದ್ದರೆ ಹೊಡೆದುಹಾಕಿ.

ಈಗ ಪ್ರೇಮ. ನಾಯಕ ಹಡಗಿನ ಅಧಿಕಾರಿ, ನಾಯಕಿ ಪ್ರಯಾಣಿಕಳು ಎಂದುಕೊಳ್ಳಿ. ಪ್ರಯಾಣಿಕರ ಜೊತೆ ಸಂಬಂಧ ಬೆಳೆಸಿದ ಸಿಬ್ಬಂದಿಯನ್ನು ಸಾಮಾನ್ಯವಾಗಿ ಕೆಲಸದಿಂದ ತೆಗೆಯುತ್ತಾರೆ. ಕೊಲೆ ನಡೆದದ್ದು ರಾತ್ರಿ 2 ಗಂಟೆಗೆ. ಆಗ ಅವನಿದ್ದದ್ದು ಅವಳ ಕ್ಯಾಬಿನ್ನಿನಲ್ಲಿ. ಬಾಗಿಲು ತೆರೆದವಳು ಅವಳೇ, ಒಳಗಿನಿಂದ. ಹಾಗಾಗಿ ಲಾಕಿನ ದಾಖಲೆಯಲ್ಲಿ ಅವನ ಕಾರ್ಡಿನ ಗುರುತಿಲ್ಲ, ಓಣಿಯ ಕ್ಯಾಮೆರಾ ಆ ರಾತ್ರಿ ಕೆಟ್ಟಿತ್ತು. ಸತ್ಯ ಹೇಳಿದರೆ ನೌಕರಿ ಹೋಗುತ್ತದೆ, ಹೇಳದಿದ್ದರೆ ಕೊಲೆಯ ಆರೋಪ. ಅವಳಿಗೋ ಇನ್ನೊಂದು ಅನುಮಾನ: 3ಕ್ಕೆ ಎಚ್ಚರವಾದಾಗ ಪಕ್ಕದಲ್ಲಿ ಅವನಿರಲಿಲ್ಲ. ಎಷ್ಟು ಹೊತ್ತಿಗೆ ಎದ್ದುಹೋದ? ಈ ಒಂದು ಪ್ರಶ್ನೆ ಪ್ರೇಮವನ್ನೂ ಕಾಡುತ್ತದೆ, ತನಿಖೆಯನ್ನೂ ತಳ್ಳುತ್ತದೆ. ಪ್ರತಿ ಅಧ್ಯಾಯಕ್ಕೂ ಇಂಥ ಒಂದು ಗಂಟು ಬೇಕು. ಅಧ್ಯಾಯದ ಕೊನೆಗೆ ಅವರ ನಂಬಿಕೆ ಒಂದಿಂಚಾದರೂ ಅತ್ತಿತ್ತ ಸರಿಯದಿದ್ದರೆ ಆ ಅಧ್ಯಾಯವನ್ನು ತೆಗೆದುಬಿಡಿ, ಬರೆಯಲು ಎಷ್ಟೇ ಕಷ್ಟಪಟ್ಟಿದ್ದರೂ ಸರಿ.

ಪಾತ್ರ ಪರಿಚಯಕ್ಕೆ ಡಿನ್ನರ್ ಪಾರ್ಟಿ ಬೇಡ, ಸುರಕ್ಷತಾ ಡ್ರಿಲ್ ಬಳಸಿ. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದು ನಡೆಯಲೇಬೇಕು. ಹಡಗಿನ ಅಪಾಯದ ಸೈರನ್ ಮೊಳಗುತ್ತದೆ: ಏಳು ಗಿಡ್ಡ ಸದ್ದು, ಒಂದು ಉದ್ದ ಸದ್ದು. ಎಲ್ಲರೂ ತಮಗೆ ಗೊತ್ತುಮಾಡಿದ ಜಾಗ ಸೇರಬೇಕು. ಅಲ್ಲಿಗೆ ಬಾರದವನು ಯಾರು ಎಂಬ ಸಣ್ಣ ವಿವರ 20ನೇ ಅಧ್ಯಾಯದಲ್ಲಿ ಕೈಹಿಡಿಯುತ್ತದೆ.

ಸಿಬ್ಬಂದಿಯ ಬದುಕು ತಿಳಿಯಲು ದೂರ ಹೋಗಬೇಕಿಲ್ಲ. ಮಂಗಳೂರು, ಉಡುಪಿ ಕಡೆಯ ಅನೇಕರು ಇಂಥ ಹಡಗುಗಳಲ್ಲಿ ದುಡಿಯುತ್ತಾರೆ. ಕಾಂಟ್ರಾಕ್ಟ್ ಮುಗಿಸಿ ಊರಿಗೆ ಬಂದಾಗ ಕೇಳಿ. ನೀರಿನ ಮಟ್ಟಕ್ಕಿಂತ ಕೆಳಗಿನ ಕಿಟಕಿಯಿಲ್ಲದ ಕೋಣೆ, ಬಂಕ್ ಹಾಸಿಗೆ, ಹಗಲಿರುಳು ಗೊತ್ತಾಗದ ಬೆಳಕು — ಇವುಗಳ ಬಗ್ಗೆ ಅವರ ಮಾತೇ ಬೇರೆ.

ತನಿಖೆ ಯಾರದು? ನಡುಗಡಲಲ್ಲಿ ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನು ನಡೆಯುತ್ತದೆ. ಬಹಾಮಾಸ್, ಬರ್ಮುಡಾ, ಪನಾಮಾ ಹೀಗೆ. ಹಡಗಿನಲ್ಲಿ ಪೊಲೀಸರಿಲ್ಲ, ಇರುವುದು ಕಂಪನಿಯ ಭದ್ರತಾ ಸಿಬ್ಬಂದಿ. ಕಂಪನಿಯ ಹೆಸರು ಕೆಡಬಾರದೆಂಬ ಒತ್ತಡ ಅವರ ಮೇಲಿದ್ದೇ ಇರುತ್ತದೆ. ಅದನ್ನು ಬಳಸಿಕೊಳ್ಳಿ.

ಕೊನೆಯ ಬೆಳಗ್ಗೆಯ ಲೆಕ್ಕ ತಪ್ಪಬೇಡಿ. ಹಡಗು ಮುಂಜಾನೆ ದಡ ಸೇರಿದರೆ ಮಧ್ಯಾಹ್ನದೊಳಗೆ ಎಲ್ಲರೂ ಇಳಿದಿರುತ್ತಾರೆ, ಕೊಲೆಗಾರನೂ. ದೊಡ್ಡ ಸೂಟ್‌ಕೇಸುಗಳನ್ನು ಹಿಂದಿನ ರಾತ್ರಿಯೇ ಕ್ಯಾಬಿನ್ನಿನ ಹೊರಗೆ ಇಡುವುದು ವಾಡಿಕೆ. ಸಾಕ್ಷ್ಯ ಅದರೊಳಗಿದ್ದರೆ, ಓಣಿಯಲ್ಲಿ ಸಾಲಾಗಿ ನಿಂತ ಆ ಪೆಟ್ಟಿಗೆಗಳ ನಡುವೆ ನಾಯಕಿ ಹುಡುಕಬೇಕಾದ್ದು ಅದೇ ರಾತ್ರಿ.